ಮನೆ ಎಲ್ಲಿ ಕಟ್ಟಬೇಕು: ಆಟದ ಪ್ರಶ್ನೆ, ಬೈಲಿನ ಉತ್ತರ

ಮೈನ್‌ಕ್ರಾಫ್ಟ್ ಆಡುವ ಮಕ್ಕಳು ಹೊಸ ಸರ್ವರ್‌ಗೆ ಕಾಲಿಟ್ಟ ಕೂಡಲೇ ಎದುರಾಗುವ ಮೊದಲ ಪ್ರಶ್ನೆ ಮನೆಯದ್ದು. ಕತ್ತಲಾಗುವ ಮೊದಲು ತಲೆಯ ಮೇಲೊಂದು ಸೂರು ಬೇಕು. ಅದಕ್ಕಿಂತ ಮುಖ್ಯವಾಗಿ, ಮುಂದೆ ತಿಂಗಳುಗಟ್ಟಲೆ ಗಳಿಸುವುದನ್ನೆಲ್ಲ ಕೂಡಿಡಲು, ಸತ್ತರೆ ಮತ್ತೆ ಎದ್ದು ಬರಲು ಒಂದು ನೆಲೆ ಬೇಕು. ಅದನ್ನು ಅವರು ‘ಬೇಸ್’ ಅನ್ನುತ್ತಾರೆ. ಎಲ್ಲರ ಹತ್ತಿರ ಕಟ್ಟುವುದೋ, ಯಾರಿಗೂ ಸಿಗದ ಹಾಗೆ ದೂರ ಹೋಗುವುದೋ, ಗಣಿಯ ಬಾಯಲ್ಲೇ ಕೂರುವುದೋ? ದಕ್ಷಿಣ ಕನ್ನಡದ ನಾರಾವಿ, ವೇಣೂರು, ಮೂಡುಬಿದಿರೆ ಕಡೆಯ ಹುಡುಗರು ರಜೆಯಲ್ಲಿ ಬೆಂಗಳೂರಿನ, ದುಬೈಯ ನೆಂಟರ ಮಕ್ಕಳೊಂದಿಗೆ ಒಂದೇ ಸರ್ವರ್‌ನಲ್ಲಿ ಸೇರಿ ಇದನ್ನೇ ಚರ್ಚಿಸುತ್ತಾರೆ. ಮನೆಯ ಹಿರಿಯರು ಇದನ್ನು ಕಾಲಹರಣವೆಂದು ತಳ್ಳಿಹಾಕುವುದೇ ಹೆಚ್ಚು. ನನಗೆ ಹಾಗನ್ನಿಸುವುದಿಲ್ಲ. ಹತ್ತಾರು ಮಂದಿ ಹಂಚಿಕೊಂಡ ನೆಲದಲ್ಲಿ ತನ್ನ ಮನೆಗೆ ಜಾಗ ಆರಿಸುವುದು ಮನುಷ್ಯನ ಅತಿ ಗಂಭೀರ ಆಯ್ಕೆಗಳಲ್ಲೊಂದು. ಆಟ ಆ ಪ್ರಶ್ನೆಯನ್ನು ಸರಿಯಾಗಿಯೇ ಕೇಳುತ್ತದೆ. ಉತ್ತರದ ಅರ್ಧವನ್ನು ಮಾತ್ರ ಮುಚ್ಚಿಡುತ್ತದೆ. ಆ ಅರ್ಧ ಕುದುರೆಮುಖದ ತಪ್ಪಲಿನಲ್ಲಿರುವ ನಾರಾವಿಯ ಆಸುಪಾಸಿನಲ್ಲಿ ಕಣ್ಣಿಗೆ ಕಾಣುವಂತಿದೆ.

ಮೊದಲು ಆಟದ ಲೆಕ್ಕಾಚಾರ ನೋಡೋಣ. ಸ್ವೀಡನ್ನಿನ ಮೊಜಾಂಗ್ ಕಂಪನಿ 2011ರಲ್ಲಿ ಪೂರ್ಣ ರೂಪದಲ್ಲಿ ಹೊರತಂದ ಈ ಆಟದ ಜಗತ್ತು ಕೇಂದ್ರದಿಂದ ನಾಲ್ಕೂ ದಿಕ್ಕಿಗೆ ಮೂರು ಕೋಟಿ ಘನಗಳಷ್ಟು (ಬ್ಲಾಕ್‌ಗಳಷ್ಟು) ದೂರ ಹಬ್ಬಿದೆ. ಹೊಸಬರೆಲ್ಲ ಕಣ್ತೆರೆಯುವುದು ಕೇಂದ್ರದ ಹತ್ತಿರವೇ. ಅಲ್ಲೇ ಮನೆ ಕಟ್ಟಿದರೆ ವ್ಯಾಪಾರಕ್ಕೆ, ಸಹಾಯಕ್ಕೆ ಜನ ಸಿಗುತ್ತಾರೆ, ಕಳ್ಳರೂ ಸಿಗುತ್ತಾರೆ. ದೂರ ಹೋದರೆ ಬಚಾವು, ಆದರೆ ಒಂಟಿ. ಆಟದೊಳಗೆ ‘ನೆದರ್’ ಎಂಬ ಪಾತಾಳಲೋಕವಿದೆ. ಅಲ್ಲಿ ಒಂದು ಹೆಜ್ಜೆ ನಡೆದರೆ ಮೇಲಿನ ಲೋಕದಲ್ಲಿ ಎಂಟು ಹೆಜ್ಜೆ ನಡೆದಂತೆ. ಆ ದಾರಿ ಹಿಡಿದು ಲಕ್ಷಗಟ್ಟಲೆ ಘನಗಳಾಚೆ ಮನೆ ಮಾಡುವವರಿದ್ದಾರೆ. ಇನ್ನು ಕೆಲವರ ಕಣ್ಣು ಅದಿರಿನ ಮೇಲೆ. ವಜ್ರ ಹೆಚ್ಚು ಸಿಗುವುದು ಜಗತ್ತಿನ ತಳದ ಸಮೀಪ; ಅಂಥವರು ಅದರ ನೆತ್ತಿಯ ಮೇಲೆ ಬಾವಿಯಂತೆ ತೋಡಿಕೊಂಡು ಅಲ್ಲೇ ಹಾಸಿಗೆ ಹಾಕುತ್ತಾರೆ.

ಹೀಗೆ ಮೂರು ಮತಗಳಾದವು: ಅಡಗುವವರದ್ದು, ಅಗೆಯುವವರದ್ದು, ನೆರೆಯವರ ಜೊತೆ ಇರುವವರದ್ದು. ಬೆಳ್ತಂಗಡಿ ತಾಲೂಕು ಮತ್ತು ಅದರ ಬೆನ್ನಿಗಿರುವ ಘಟ್ಟದಲ್ಲಿ ಈ ಮೂರೂ ಮತಗಳನ್ನು ಜನ ನಿಜವಾದ ನೆಲದ ಮೇಲೆ ಪ್ರಯೋಗ ಮಾಡಿ ನೋಡಿದ್ದಾರೆ. ಫಲಿತಾಂಶ ಏನಾಯಿತೆಂದು ಹೋಗಿ ನೋಡಬಹುದು.

ಅಡಗುವ, ಯಾರಿಗೂ ನಿಲುಕದಂತೆ ಕೂರುವ ಮತಕ್ಕೆ ಗಡಾಯಿಕಲ್ಲಿಗಿಂತ ದೊಡ್ಡ ಉದಾಹರಣೆ ಬೇಡ. ಬೆಳ್ತಂಗಡಿ ಪೇಟೆಯಿಂದಲೇ ಕಾಣುವ ಆ ಒಂಟಿ ಬಂಡೆಯ ನೆತ್ತಿಯ ಮೇಲೆ ಟಿಪ್ಪು ಸುಲ್ತಾನ 1794ರಲ್ಲಿ ಕೋಟೆ ಕಟ್ಟಿಸಿ, ತಾಯಿಯ ಹೆಸರಿನಲ್ಲಿ ಜಮಲಾಬಾದ್ ಎಂದು ಕರೆದ. ಮೇಲೇರಲು ಕಲ್ಲಿನಲ್ಲಿ ಕಡಿದ ಇಕ್ಕಟ್ಟಾದ ಮೆಟ್ಟಿಲ ದಾರಿ ಒಂದೇ. ಕೆಲವೇ ಜನ ಮೇಲೆ ನಿಂತು ದೊಡ್ಡ ಪಡೆಯನ್ನು ತಡೆಯಬಹುದಾದಂಥ ಜಾಗ ಅದು. ಮಳೆನೀರು ಹಿಡಿದಿಡಲು ಕೆರೆಯೂ ಇದೆ. ಇಷ್ಟಿದ್ದರೂ 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇದೂ ಬ್ರಿಟಿಷರ ಕೈ ಸೇರಿತು. ಬಂಡೆಯ ಮೇಲೆ ಭತ್ತ ಬೆಳೆಯುವುದಿಲ್ಲ. ಅಕ್ಕಿ, ಉಪ್ಪು, ಸುದ್ದಿ ಎಲ್ಲವೂ ಕೆಳಗಿನ ಊರಿನಿಂದಲೇ ಬರಬೇಕು. ಕೆಳಗಿನದು ಕೈಬಿಟ್ಟರೆ ಮೇಲಿನದಕ್ಕೆ ದಿನ ಎಣಿಸುವುದೊಂದೇ ಕೆಲಸ. ಇವತ್ತು ಮೇಲೆ ಇರುವುದು ಪಾಳುಗೋಡೆ, ಚಾರಣಿಗರ ಹೆಜ್ಜೆ. ಬುಡದ ಗದ್ದೆ, ತೋಟಗಳಲ್ಲಿ ಮಾತ್ರ ಬದುಕು ನಡೆದೇ ಇದೆ.

ಅಡಗುವ ಮತ ಆಟದಲ್ಲೂ ಇಷ್ಟೇ ದುರ್ಬಲ. ‘2ಬಿ2ಟಿ’ ಎಂಬ ಸರ್ವರ್ 2010ರಿಂದ ಯಾವ ನಿಯಮವೂ ಇಲ್ಲದೆ ನಡೆಯುತ್ತಿದೆ. ಅಲ್ಲಿ ಬದುಕಿ ಉಳಿಯಬೇಕಾದರೆ ದೂರ ಓಡುವುದೊಂದೇ ದಾರಿಯೆಂದು ಎಲ್ಲರೂ ನಂಬಿದ್ದರು. ಆದರೆ 2018ರಿಂದ 2021ರವರೆಗೆ ಕೆಲವು ಆಟಗಾರರು ಒಂದು ತಾಂತ್ರಿಕ ದೋಷವನ್ನು ಬಳಸಿಕೊಂಡು, ಎಷ್ಟೇ ದೂರ ಅಡಗಿದವರ ಜಾಗವನ್ನೂ ಗುಟ್ಟಾಗಿ ಪತ್ತೆಹಚ್ಚುತ್ತಿದ್ದರು. ದೂರವನ್ನೇ ನಂಬಿ ಕಟ್ಟಿದ ಮನೆಗೆ ಆ ದೂರ ಸುಳ್ಳಾದ ದಿನ ಬೇರೆ ಆಸರೆ ಇರುವುದಿಲ್ಲ. ಕಾಪಾಡಲು ನೆರೆಯವರೇ ಇಲ್ಲವಲ್ಲ.

ಎರಡನೆಯ ಮತ ಅಗೆಯುವವರದ್ದು. ನಾರಾವಿಯಿಂದ ಮೂಡಣಕ್ಕೆ ತಲೆ ಎತ್ತಿದರೆ ಕಾಣುವ ಬೆಟ್ಟಸಾಲಿನ ಆಚೆಗೆ ಕುದುರೆಮುಖ ಪಟ್ಟಣವಿದೆ. ಅದು ಹುಟ್ಟಿದ್ದೇ ಅದಿರಿಗಾಗಿ. ಇರಾನಿಗೆ ಕಬ್ಬಿಣದ ಅದಿರು ಕೊಡುವ ಒಪ್ಪಂದದ ಮೇಲೆ 1976ರಲ್ಲಿ ಸರಕಾರಿ ಕಂಪನಿ ಸ್ಥಾಪನೆಯಾಯಿತು. ಭಾರತದಲ್ಲೇ ಅತಿ ಹೆಚ್ಚು ಮಳೆ ಬೀಳುವ ಕಡೆಗಳಲ್ಲೊಂದರಲ್ಲಿ, ಭದ್ರಾ ನದಿಯ ಮೇಲ್ದಂಡೆಯಲ್ಲಿ ವಸತಿಗೃಹ, ಶಾಲೆ, ಆಸ್ಪತ್ರೆ ಎದ್ದವು. ಅದಿರನ್ನು ನೀರಿನಲ್ಲಿ ಕಲಸಿ ಪಣಂಬೂರಿನ ಬಂದರಿಗೆ ಹರಿಸಲು ಘಟ್ಟ ಇಳಿಯುವ 67 ಕಿಲೋಮೀಟರ್ ಉದ್ದದ ಕೊಳವೆ ಹಾಕಿದರು. ಉಳಿದ ಹೂಳನ್ನು ತುಂಬಲು ಲಕ್ಯಾ ಹೊಳೆಗೆ ಅಣೆಕಟ್ಟು ಕಟ್ಟಿದರು. 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಗಿ, ಯಾರಿಗಾಗಿ ಇದೆಲ್ಲ ಶುರುವಾಯಿತೋ ಆ ಕೊಳ್ಳುಗನೇ ಹಿಂದೆ ಸರಿದ. ಮುಂದೆ ಕಾಡು ಮತ್ತು ನದಿಯ ಪರವಾಗಿ ಹೋರಾಟ ನಡೆದು, ಸುಪ್ರೀಂ ಕೋರ್ಟ್ 2002ರಲ್ಲಿ ಕೊಟ್ಟ ತೀರ್ಪಿನಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಒಂದು ತಲೆಮಾರು ಬಾಳಿದ ಪಟ್ಟಣ ಬರಿದಾಯಿತು. ಅಲ್ಲೇ ಹುಟ್ಟಿ ಬೆಳೆದ ಮಕ್ಕಳಿಗೆ ಈಗ ‘ನಮ್ಮೂರು’ ಎಂದು ತೋರಿಸಲು ಖಾಲಿ ಕ್ವಾರ್ಟರ್ಸ್ ಮಾತ್ರ ಇವೆ. ಅಲ್ಲಿ ದುಡಿದವರ ತಪ್ಪು ಇದರಲ್ಲಿ ಏನೂ ಇಲ್ಲ. ಒಂದೇ ಒಂದು ವಸ್ತುವಿಗಾಗಿ ಆರಿಸಿದ ಜಾಗದ ಆಯುಷ್ಯ ಆ ವಸ್ತುವಿನ ಆಯುಷ್ಯದಷ್ಟೇ.

ಇನ್ನು ಮೂರನೆಯ ಮತ. ತುಳುನಾಡಿನಲ್ಲಿ ಬಯಲುಸೀಮೆಯಂತೆ ಮನೆಗೆ ಮನೆ ಅಂಟಿದ ಊರಿಲ್ಲ. ಗೋಡೆಗೆ ಗೋಡೆ ತಾಗುವುದು ಪೇಟೆಯಲ್ಲಿ ಮಾತ್ರ. ಉಳಿದಂತೆ ಒಂದೊಂದು ಮನೆಯೂ ತನ್ನ ಗದ್ದೆಯ, ತೋಟದ ಬದಿಗೆ ಒಂಟಿಯಾಗಿದೆ. ಹೊರಗಿನಿಂದ ಬಂದವರಿಗೆ ಇದು ಒಬ್ಬರಿಗೊಬ್ಬರು ಬೇಡದವರ ಊರಿನಂತೆ ಕಾಣಬಹುದು. ನೆಲದ ಏರಿಳಿತವನ್ನು ಗಮನಿಸಿದರೆ ಬೇರೆಯೇ ಚಿತ್ರ ಕಾಣುತ್ತದೆ. ಎರಡು ಗುಡ್ಡಗಳ ನಡುವಿನ ತಗ್ಗು ಬೈಲು. ನೀರು ನಿಲ್ಲುವ ಅಲ್ಲಿ ಏಣೆಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ. ಅದಕ್ಕಿಂತ ಮೇಲೆ ಎರಡು ಬೆಳೆಯ ಮಜಲು. ಇನ್ನೂ ಮೇಲೆ ಮಳೆಯನ್ನೇ ನಂಬಿದ, ಒಂದೇ ಬೆಳೆಯ ಬೆಟ್ಟು. ಅದರಾಚೆ ಸೊಪ್ಪು, ಸೌದೆಯ ಗುಡ್ಡ. ಹಳೆಯ ಮನೆಗಳಿರುವುದು ಬೈಲಿನ ಅಂಚಿನಲ್ಲಿ, ಗುಡ್ಡ ಮೇಲೇಳಲು ತೊಡಗುವ ಕಡೆ. ನೆರೆ ಬಂದರೆ ಅಂಗಳಕ್ಕೆ ನೀರು ಹತ್ತದಷ್ಟು ಎತ್ತರ, ಬೇಸಿಗೆಯಲ್ಲಿ ಬಾವಿ ಬತ್ತದಷ್ಟು ತಗ್ಗು. ಉಣ್ಣುವ ಗದ್ದೆಯ ಮೇಲೆ ಯಾರೂ ಮನೆ ಕಟ್ಟುತ್ತಿರಲಿಲ್ಲ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ, ಅದರಲ್ಲೂ ಹೆಚ್ಚಿನದು ನಾಲ್ಕೇ ತಿಂಗಳಲ್ಲಿ ಬಂದುಹೋಗುವ ಜಿಲ್ಲೆಯಲ್ಲಿ ಜಾಗ ಆರಿಸುವುದೆಂದರೆ ಮಳೆಗಾಲ, ಬೇಸಿಗೆ ಎರಡನ್ನೂ ಒಟ್ಟಿಗೆ ಯೋಚಿಸುವುದು.

ಈ ಒಂಟಿ ಮನೆಗಳನ್ನು ಒಂದಕ್ಕೊಂದು ಕಟ್ಟಿಹಾಕಿದ್ದು ತೋಡು, ಅಂದರೆ ಬೈಲಿನ ಸಣ್ಣ ಹೊಳೆ. ಮಳೆ ನಿಂತು ಹರಿವು ಇಳಿದ ಮೇಲೆ, ಚಳಿಗಾಲ ಶುರುವಾಗುವ ಹೊತ್ತಿಗೆ, ತೋಡಿಗೆ ಅಡ್ಡಲಾಗಿ ಕಟ್ಟ ಕಟ್ಟುತ್ತಿದ್ದರು. ಹೊಳೆಯ ಕಲ್ಲನ್ನು ಎರಡು ಸಾಲು ಪೇರಿಸಿ, ನಡುವೆ ಮಣ್ಣು ತುಂಬಿಸಿ ಕಾಲಿನಿಂದ ತುಳಿದು ಗಟ್ಟಿಮಾಡಿ, ನೀರು ಸೋರುವ ಕಡೆ ಸೊಪ್ಪು, ಹುಲ್ಲು ತುರುಕುವುದು. ಆಳೆತ್ತರಕ್ಕೆ ನೀರು ನಿಂತರೆ ಅಕ್ಕಪಕ್ಕದ ಬಾವಿಗಳಲ್ಲೂ ನೀರು ಏರುತ್ತದೆ. ಹೆಚ್ಚಾದ ನೀರು ಉಕ್ಕಿ ಕೆಳಗಿನ ಕಟ್ಟಕ್ಕೆ ಹೋಗುತ್ತದೆ. ಮುಂಗಾರಿನ ಮೊದಲ ದೊಡ್ಡ ಮಳೆಗೆ ಕಟ್ಟ ತೆರವಾಗಬೇಕು. ಮರುವರ್ಷ ಮತ್ತೆ ಕಟ್ಟಬೇಕು. ಒಂದು ಮನೆಯವರಿಂದ ಆಗುವ ಕೆಲಸ ಇದಲ್ಲ. ಮೇಲಿನವನು ಪೂರ್ತಿ ಹಿಡಿದಿಟ್ಟರೆ ಕೆಳಗಿನವನ ತೋಟ ಒಣಗುತ್ತದೆ, ಕೆಳಗಿನವನು ಹೊತ್ತು ಮೀರಿ ಕಟ್ಟ ಉಳಿಸಿಕೊಂಡರೆ ಮೇಲಿನವನ ಗದ್ದೆ ಮುಳುಗುತ್ತದೆ. ನೀರಿನ ಬಗ್ಗೆ ದಶಕಗಳಿಂದ ಬರೆಯುತ್ತ ಬಂದಿರುವ ಶ್ರೀ ಪಡ್ರೆಯವರು ಕರಾವಳಿಯ ಕಟ್ಟ, ಗುಡ್ಡದ ಮೇಲಿನ ಕೆರೆಯಾದ ಮದಕ, ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗಗಳನ್ನು ನಾಡಿಗೆ ಮತ್ತೆ ಪರಿಚಯಿಸಿದ್ದಾರೆ. ಅವನ್ನು ಬರಿಯ ತಂತ್ರಗಳೆಂದು ನೋಡಿದರೆ ಸಾಲದು. ಮನೆಗಳು ದೂರವಿದ್ದರೂ ಜನ ಕೂಡಿ ನಡೆಯುವಂತೆ ಮಾಡಿದ ವ್ಯವಸ್ಥೆಯೇ ಅವು.

ಇಂಥ ಕಡೆ ನೆಲೆ ಹೂಡಿದ್ದು ಎಷ್ಟು ಬಾಳಿಕೆ ಬಂತೆಂದು ನೋಡಿ. ಫಲ್ಗುಣಿ ನದಿಯ ದಡದ ವೇಣೂರಿನಲ್ಲಿ ಅಲ್ಲಿನ ಅರಸ ತಿಮ್ಮಣ್ಣ ಅಜಿಲ 1604ರಲ್ಲಿ ಬಾಹುಬಲಿಯನ್ನು ನಿಲ್ಲಿಸಿದ. ಅಜಿಲರ ಆಳ್ವಿಕೆ ಹೋಗಿ ಎಷ್ಟೋ ಕಾಲವಾಯಿತು. ಆದರೂ 2012ರಲ್ಲಿ, 2024ರಲ್ಲಿ ಮಹಾಮಸ್ತಕಾಭಿಷೇಕಕ್ಕೆ ಜನ ಅಲ್ಲಿಗೇ ಸೇರಿದರು. ನಾರಾವಿಯಲ್ಲಿ ಸೂರ್ಯನಾರಾಯಣ ದೇವಸ್ಥಾನ, ಬಸದಿ, ಇಗರ್ಜಿ ಒಂದೇ ಪೇಟೆಯ ಸುತ್ತ ಇವೆ. ಕಾರ್ಕಳದಿಂದ ಬೆಳ್ತಂಗಡಿ ಕಡೆ ಹೋಗುವ ದಾರಿಯ ಊರು ಅದು. ಬಂದುಹೋಗುವವರಿಗೆ ತೆರೆದುಕೊಂಡ ಜಾಗ ಒಂದು ಕಾರಣ ಇಲ್ಲವಾದರೆ ಇನ್ನೊಂದು ಕಾರಣಕ್ಕೆ ಉಳಿಯುತ್ತದೆ.

ಆಟದಲ್ಲೂ ಇದರ ಸುಳಿವಿದೆ. ಮೈನ್‌ಕ್ರಾಫ್ಟ್‌ನಲ್ಲಿ ಒಬ್ಬನೇ ಆಡುವಾಗ ಹಾಸಿಗೆಯಲ್ಲಿ ಮಲಗಿದರೆ ಬೆಳಗಾಗುತ್ತದೆ. ಹಲವರು ಆಡುವಾಗ, ನಿಯಮ ಬದಲಿಸದಿದ್ದರೆ, ಎಲ್ಲರೂ ಮಲಗದೆ ರಾತ್ರಿ ಒಮ್ಮೆಗೇ ಕಳೆಯುವುದಿಲ್ಲ. ಎಷ್ಟೋ ದೂರ ಅಡಗಿ ಕೂತವನೊಬ್ಬ ಎಚ್ಚರವಿದ್ದರೆ ಉಳಿದವರ ರಾತ್ರಿ ಉದ್ದವಾಗುತ್ತದೆ. ನಾನು ದೂರವಿದ್ದೇನೆ, ನನಗೂ ನಿಮಗೂ ಸಂಬಂಧವಿಲ್ಲ ಎನ್ನಲು ಬರುವುದಿಲ್ಲವೆಂಬುದನ್ನು ಮಕ್ಕಳಿಗೆ ಇಷ್ಟು ಸರಳವಾಗಿ ಕಲಿಸುವ ನಿಯಮ ಇನ್ನೊಂದು ಸಿಗಲಾರದು.

ಆದರೆ ಆಟ ಮುಚ್ಚಿಡುವ ಅರ್ಧವೂ ಇದೆ. ಎರಡು ಘನದ ಅಗಲದ ಚೌಕ ಗುಂಡಿಯಲ್ಲಿ ಎದುರುಬದುರು ಮೂಲೆಗೆ ಎರಡು ಬಕೆಟ್ ನೀರು ಸುರಿದರೆ ಅದು ಎಂದೂ ಬತ್ತದ ಬಾವಿ. ಎಷ್ಟು ಮೊಗೆದರೂ ಕೆಳಗಿನವನಿಗೆ ಕಡಿಮೆಯಾಗುವುದಿಲ್ಲ, ಏಕೆಂದರೆ ಅಲ್ಲಿ ಕೆಳಗಿನವನೇ ಇಲ್ಲ. ಮಳೆ ಬರುತ್ತದೆ, ಹೊಳೆ ಏರುವುದಿಲ್ಲ. ಮರಳು, ಜಲ್ಲಿಯಂಥ ಕೆಲವನ್ನು ಬಿಟ್ಟರೆ ಯಾವುದೂ ಕುಸಿಯುವುದಿಲ್ಲ. ಗುಡ್ಡದ ಬುಡವನ್ನು ಪೂರ್ತಿ ಕಡಿದು ತೆಗೆದರೂ ನೆತ್ತಿ ಗಾಳಿಯಲ್ಲಿ ನಿಂತಿರುತ್ತದೆ. ಗುಡ್ಡ ಕಡಿದು ಸಮತಟ್ಟು ಮಾಡಿಕೊಳ್ಳುವುದಕ್ಕೆ ಆಟದಲ್ಲಿ ಬೆಲೆ ಕಟ್ಟಬೇಕಾಗಿಲ್ಲ. ನಮ್ಮ ನೆಲದಲ್ಲಿ ಕಟ್ಟಬೇಕು.

ದಕ್ಷಿಣ ಕನ್ನಡದ ಗುಡ್ಡಗಳ ಮೇಲ್ಭಾಗ ಮುರಕಲ್ಲು. ಗಟ್ಟಿ, ಬಿಸಿಲಿಗೆ ಇನ್ನಷ್ಟು ಗಟ್ಟಿ. ಅದರಡಿಯಲ್ಲಿ ಹಲವೆಡೆ ಬಿಳಿ, ಹಳದಿ, ಗುಲಾಬಿ ಬಣ್ಣದ ಶೇಡಿ ಮಣ್ಣಿದೆ. ಒಣಗಿದಾಗ ಪಿಕಾಸಿಗೆ ಕಲ್ಲಿನಂತೆ ಸಿಗುತ್ತದೆ. ನೀರು ಕುಡಿದರೆ ಹಿಡಿತ ಬಿಟ್ಟು ಜಾರುತ್ತದೆ. ಬೇಸಿಗೆಯಲ್ಲಿ ಜೆಸಿಬಿ ತಂದು ಗುಡ್ಡವನ್ನು ನೆಟ್ಟಗೆ ಕಡಿದಾಗ ಆ ಬರೆ ಗೋಡೆಯಂತೆ ನಿಂತಿರುತ್ತದೆ. ನೋಡಿದವರಿಗೆ ಭಯವೇ ಆಗುವುದಿಲ್ಲ. ಆಷಾಢದ ಮಳೆ ಎಡೆಬಿಡದೆ ಹಿಡಿದಾಗ ಮೇಲಿನ ಮುರಕಲ್ಲಿನ ಬಿರುಕುಗಳಿಂದ ಇಳಿದ ನೀರು ಶೇಡಿಯನ್ನು ಸೇರುತ್ತದೆ. ಬುಡದ ಆಸರೆಯನ್ನು ಮೊದಲೇ ಕಡಿದಿರುವುದರಿಂದ ಭಾರ ತಾಳಲು ಏನೂ ಇರುವುದಿಲ್ಲ. 2022ರ ಜುಲೈಯಲ್ಲಿ ಬಂಟ್ವಾಳ ತಾಲೂಕಿನ ಪಂಜಿಕಲ್ಲಿನಲ್ಲಿ ಗುಡ್ಡ ಕುಸಿದು, ಕೇರಳದಿಂದ ತೋಟದ ಕೆಲಸಕ್ಕೆ ಬಂದಿದ್ದ ಮೂವರು ತೀರಿಕೊಂಡರು. ಅವರು ಆ ಜಾಗವನ್ನು ತಾವಾಗಿ ಆರಿಸಿದವರಲ್ಲ, ಉಳಿದುಕೊಳ್ಳಲು ಸಿಕ್ಕ ಸೂರಿನಡಿ ಮಲಗಿದವರು. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಘಾಟಿ ಜರಿದು, ಬೆಳ್ತಂಗಡಿ ತಾಲೂಕಿನ ಘಟ್ಟದ ಬುಡದ ಊರುಗಳಲ್ಲಿ ಹೊಳೆ ದಿಕ್ಕು ತಪ್ಪಿ ತೋಟಗಳಿಗೆ ಮರಳು, ಮರದ ದಿಮ್ಮಿ ತಂದು ಹಾಕಿತು. ಎಲ್ಲ ಕುಸಿತಕ್ಕೂ ಮನುಷ್ಯನ ಕೈಯೇ ಕಾರಣವೆನ್ನಲಾಗದು; ಘಟ್ಟದ ಮೇಲೆ ಒಂದೆರಡು ದಿನ ಸುರಿದ ಮಳೆಯ ಪ್ರಮಾಣವೇ ಅಂಥದ್ದು. ಆದರೆ ಅಂಥ ಮಳೆ ಬರುತ್ತದೆ ಎಂದು ತಿಳಿದ ಮೇಲೂ ತೋಡಿಗೆ ಮಣ್ಣು ತುಂಬಿಸಿ, ಗುಡ್ಡದ ಬುಡ ಕಡಿದು ಮನೆ ಎಬ್ಬಿಸುವುದು ನಮ್ಮದೇ ಆಯ್ಕೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ನ್ಯಾಯವಾದದ್ದು. ಹಳೆಯ ಕಾಲದ ಜಾಗದ ಆಯ್ಕೆಯನ್ನು ಹೊಗಳುವಾಗ, ಆರಿಸುವ ಹಕ್ಕು ಯಾರಿಗಿತ್ತು ಎಂದೂ ಕೇಳಬೇಕು. ಬೈಲಿನ ಅಂಚಿನ ಒಳ್ಳೆಯ ಜಾಗ ಗುತ್ತಿನ ದೊಡ್ಡ ಮನೆಗೆ, ಭೂಮಿಯ ಒಡೆಯರಾದ ವರ್ಗದಾರರಿಗೆ. ಚಾಲಗೇಣಿ ಒಕ್ಕಲಿನವನಿಗೆ ವರ್ಷ ಕಳೆದರೆ ಆ ನೆಲದಲ್ಲೇ ಇರುತ್ತೇನೆಂಬ ಖಾತ್ರಿ ಇರಲಿಲ್ಲ. ವರ್ಗ ಜಮೀನಿನ ಸುತ್ತಲಿನ 100 ಗಜ ಸರಕಾರಿ ನೆಲದಿಂದ ಸೊಪ್ಪು, ಸೌದೆ ತೆಗೆದುಕೊಳ್ಳುವ ಕುಮ್ಕಿ ಸವಲತ್ತು ಕೂಡ ಭೂಮಿ ಇದ್ದವನದ್ದೇ. ಕೊರಗರು, ಮಲೆಕುಡಿಯರು ಊರಿನ ಅಂಚಿಗೆ, ಗುಡ್ಡಕ್ಕೆ, ಕಾಡಿಗೆ ಸರಿದಿದ್ದರು. 1974ರ ಭೂಸುಧಾರಣೆಯ ತಿದ್ದುಪಡಿ ಬಂದ ಮೇಲೆ ಒಕ್ಕಲುಗಳಿಗೆ ನೆಲದ ಮೇಲೆ ಹಕ್ಕು ಬಂತು. ಆಗ ತಮ್ಮ ಪಾಲಿಗೆ ಸಿಕ್ಕ ತುಂಡಿನಲ್ಲಿ ಅವರು ಮನೆ ಕಟ್ಟಿದರು. ಅದು ತಪ್ಪಲ್ಲ, ದೊಡ್ಡ ನ್ಯಾಯ. ಇವತ್ತು ಐದು ಸೆಂಟ್ಸ್ ಜಾಗದಲ್ಲಿ, ಬರೆಯ ಕೆಳಗೆ ಮನೆ ಮಾಡಿದ ಕುಟುಂಬಕ್ಕೆ ‘ಇಲ್ಲೇಕೆ ಕಟ್ಟಿದಿರಿ’ ಎಂದು ಕೇಳುವವರು, ಅವರಿಗೆ ಬೇರೆಲ್ಲಿ ಜಾಗ ಸಿಗುತ್ತಿತ್ತು ಎಂಬುದಕ್ಕೂ ಉತ್ತರ ಹೇಳಬೇಕಾಗುತ್ತದೆ.

ಆಟದಲ್ಲೂ ಮೊದಲು ಬಂದವರದ್ದೇ ಮೇಲುಗೈ. ಹಲವು ಸರ್ವರ್‌ಗಳಲ್ಲಿ ಚಿನ್ನದ ಸಲಿಕೆ ಹಿಡಿದು ಎರಡು ಮೂಲೆ ಗುರುತಿಸಿದರೆ ನಡುವಿನ ಜಾಗ ತನ್ನದಾಗುತ್ತದೆ. ಬೇರೆಯವರು ಅಲ್ಲಿ ಒಂದು ಕಲ್ಲನ್ನೂ ಅಲುಗಿಸಲಾರರು. ಕಳ್ಳತನ ತಡೆಯಲು ಇದು ಬೇಕು. ಆದರೆ ಆ ನಕ್ಷೆಯಲ್ಲಿ ಮೊದಲು ಯಾರೂ ಇರಲಿಲ್ಲವೆಂಬುದು ಆಟದ ಅನುಕೂಲ. ನಿಜವಾದ ಊರಿಗೆ ಆ ಅನುಕೂಲವಿಲ್ಲ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಮೊದಲ ಅಧಿಸೂಚನೆ 1987ರಲ್ಲಿ, ಅಂತಿಮ ಅಧಿಸೂಚನೆ 2001ರಲ್ಲಿ ಹೊರಟಿತು. ನಾರಾವಿಯ ನೆರೆಯ ಕುತ್ಲೂರಿನ ಮಲೆಕುಡಿಯ ಕುಟುಂಬಗಳು ಆ ಗೆರೆ ಬೀಳುವ ಮೊದಲೇ ಅಲ್ಲಿದ್ದವರು. ಕೆಲವರು ಪರಿಹಾರ ಪಡೆದು ಹೊರಬಂದರು. ಉಳಿದವರು ರಸ್ತೆಗೆ, ವಿದ್ಯುತ್ತಿಗೆ, 2006ರ ಅರಣ್ಯ ಹಕ್ಕು ಕಾಯ್ದೆಯ ಹಕ್ಕುಪತ್ರಕ್ಕೆ ವರ್ಷಗಟ್ಟಲೆ ಓಡಾಡಬೇಕಾಯಿತು. ಕಾಡು ಉಳಿಯಬೇಕು, ಅದು ಉಳಿದರೆ ಮಾತ್ರ ಕೆಳಗಿನ ಬೈಲಿಗೆ ನೀರು. ಹಾಗೆಂದು ಕಾಡಿನೊಡನೆ ಬಾಳಿದವರನ್ನು ನಕ್ಷೆಯಿಂದ ಅಳಿಸಿ ಉಳಿಸಿದ್ದು ನೆಟ್ಟಗಿರಲಾರದು. ನೆಲೆ ಹೂಡುವವನು, ಅದು ಮನೆಯವನಿರಲಿ, ಕಂಪನಿಯಿರಲಿ, ಸರಕಾರವೇ ಇರಲಿ, ಮೊದಲು ಕೇಳಬೇಕಾದ ಮಾತು: ಇಲ್ಲಿ ಈಗಾಗಲೇ ಯಾರಿದ್ದಾರೆ?

ಇನ್ನೊಂದು ಆಕ್ಷೇಪ: ಈಗ ಯಾರು ಬೈಲು ನಂಬಿ ಬದುಕುತ್ತಾರೆ? ಮಕ್ಕಳ ಶಾಲೆಗೆ ಬಸ್ಸು, ರಾತ್ರಿ ಎದೆನೋವು ಬಂದರೆ ಆಂಬುಲೆನ್ಸ್, ಮನೆಯಲ್ಲೇ ಕೂತು ಮಾಡುವ ಕೆಲಸಕ್ಕೆ ಇಂಟರ್ನೆಟ್, ಎಲ್ಲದಕ್ಕೂ ರಸ್ತೆ ಬದಿಯೇ ಬೇಕು. ಒಪ್ಪುತ್ತೇನೆ. ಅಜ್ಜನ ಕಾಲದ ಮನೆಯ ಜಾಗಕ್ಕೆ ಎಲ್ಲರೂ ಮರಳಬೇಕೆಂದು ನಾನು ಹೇಳುತ್ತಿಲ್ಲ. ರಸ್ತೆ ಬದಿಗೆ ಬಂದರೂ ಮಳೆನೀರು ಹರಿಯುವ ದಾರಿ ಬದಲಾಗಿಲ್ಲ. ಗದ್ದೆಗೆ ಮಣ್ಣು ತುಂಬಿಸಿ ಎತ್ತರಿಸಿದರೆ ಅಲ್ಲಿ ನಿಲ್ಲುತ್ತಿದ್ದ ನೀರು ಪಕ್ಕದವನ ಅಂಗಳಕ್ಕೆ ಹೋಗುತ್ತದೆ, ಬೇಸಿಗೆಗೆ ಅವನ ಬಾವಿಯೂ ಬತ್ತುತ್ತದೆ. ಜಾಗ ಆರಿಸುವ ಕಾರಣಗಳು ಬದಲಾಗಬಹುದು. ಆರಿಸಿದ್ದರ ಪರಿಣಾಮ ಕೆಳಗಿನವನ ಮೇಲಾಗುವುದು ಬದಲಾಗಿಲ್ಲ.

ಮಾಡಬಹುದಾದ ಕೆಲಸವೂ ಇದೆ. ವಿಶ್ವಸಂಸ್ಥೆಯ ವಸತಿ ವಿಭಾಗ ಮತ್ತು ಮೊಜಾಂಗ್ ಸೇರಿ 2012ರಲ್ಲಿ ‘ಬ್ಲಾಕ್ ಬೈ ಬ್ಲಾಕ್’ ಎಂಬ ಯೋಜನೆ ಆರಂಭಿಸಿದವು. ಸ್ಥಳೀಯರು ತಮ್ಮ ಬಡಾವಣೆಯ ಮಾದರಿಯನ್ನು ಮೈನ್‌ಕ್ರಾಫ್ಟ್‌ನಲ್ಲೇ ತಿದ್ದಿ, ಸಾರ್ವಜನಿಕ ಜಾಗ ಹೇಗಿರಬೇಕೆಂದು ತೋರಿಸುತ್ತಾರೆ. ನೈರೋಬಿಯ ಕಿಬೇರಾದಂಥ ಕಡೆ, ಮುಂಬಯಿಯಲ್ಲಿ ಕೂಡ, ಹೀಗೆ ಕೆಲಸ ನಡೆದಿದೆ. ನಮ್ಮ ಕಾಲೇಜು, ಹೈಸ್ಕೂಲುಗಳ ಮಕ್ಕಳಿಗೆ ಈ ಆಟ ಗೊತ್ತು. ಮನೆಯ ಹಿರಿಯರಿಗೆ ತೋಡು, ಮದಕ, ಒರತೆ, ಹಿಂದೆ ಗುಡ್ಡ ಜರಿದ ಜಾಗ ಗೊತ್ತು. ಎರಡನ್ನೂ ಕೂಡಿಸಿ ಶಾಲೆಗಳು ಗ್ರಾಮದ ಒಂದು ಮಾದರಿ ಮಾಡಿಸಲಿ. ಅದರಲ್ಲಿ ನಿಯಮ ಬೇರೆ ಇರಲಿ: ಬಾವಿ ಬತ್ತಲಿ, ಬುಡ ಕಡಿದ ಗುಡ್ಡ ಮಳೆಗಾಲದಲ್ಲಿ ಜರಿಯಲಿ, ಮೇಲೆ ತಡೆದ ನೀರು ಕೆಳಗೆ ಕಡಿಮೆಯಾಗಲಿ. ಆಗ ಮಕ್ಕಳು ಆರಿಸುವ ಜಾಗವೇ ಬೇರೆಯಾಗುತ್ತದೆ.

ದೊಡ್ಡವರ ಪಾಲಿನ ಕೆಲಸ ಇದಕ್ಕಿಂತ ತುರ್ತಿನದು. ಭೂಪರಿವರ್ತನೆಗೆ, ಪಂಚಾಯತಿನ 9/11 ದಾಖಲೆಗೆ ಅರ್ಜಿ ಬಂದಾಗ ಕಾಗದಪತ್ರಗಳ ಜೊತೆ ನೀರಿನ ದಾರಿಯನ್ನೂ ನೋಡಬೇಕು. ಗ್ರಾಮಸಭೆಯ ಮುಂದೆ ತೋಡುಗಳ, ಅಪಾಯದ ಬರೆಗಳ ನಕ್ಷೆ ಇರಬೇಕು. ಗುಡ್ಡದ ಬುಡದಲ್ಲಿ ಬೇರೆ ಗತಿಯಿಲ್ಲದೆ ಕಟ್ಟಿಕೊಂಡವರಿಗೆ ಪಂಚಾಯತು ಸುರಕ್ಷಿತ ನಿವೇಶನ ಕೊಡಬೇಕು, ಕೇವಲ ಮಳೆಗಾಲದ ನೋಟಿಸು ಕೊಟ್ಟರೆ ಸಾಲದು. ಮನೆಯ ಜಾಗ ಖಾಸಗಿ ವಿಷಯವೆಂದು ನಾವು ತಿಳಿದಷ್ಟು ದಿನ ಕುಸಿತವೂ ನೆರೆಯೂ ಒಬ್ಬೊಬ್ಬರ ಹಣೆಬರಹವಾಗಿಯೇ ಉಳಿಯುತ್ತವೆ. ಮೇಲಿನ ಮನೆಯವನೂ ಕೆಳಗಿನ ಮನೆಯವನೂ ಒಂದೇ ನೀರಿನ ಪಾಲುದಾರರೆಂದು ಒಪ್ಪಿದರೆ, ಎಲ್ಲಿ ಕಟ್ಟಬೇಕು ಎಂಬ ಪ್ರಶ್ನೆಯನ್ನು ಊರೇ ಕೂಡಿ ಬಿಡಿಸಬಹುದು. ಆರಿಸಿದ ಜಾಗ ಒಳ್ಳೆಯದೋ ಎಂದು ತಿಳಿಯಲು ನಾನು ನಂಬುವ ಅಳತೆ ಇದು: ಅಲ್ಲಿ ಮನೆ ಎದ್ದ ಮೇಲೆ ನೆರೆಯವನ ಬಾವಿ, ದಾರಿ, ನಿದ್ದೆ ಮೂರೂ ಮೊದಲಿನಂತೆಯೇ ಇರಬೇಕು.